ಮನೆಯ ಕಿಟಕಿಗಳಲ್ಲಿ ಯಾವ ಬಗೆಗಳಿವೆ, ಅವು ಹೇಗೆ ತೆರೆಯುತ್ತವೆ?

ಹೆಚ್ಚು ಬಳಕೆಯಲ್ಲಿರುವುದು ಕೇಸ್‌ಮೆಂಟ್ ಮತ್ತು ಸ್ಲೈಡಿಂಗ್. ಕೇಸ್‌ಮೆಂಟ್‌ಗೆ ಕೀಲು ಪಕ್ಕದಲ್ಲಿ. ಬಾಗಿಲಿನ ಹಾಗೆ ಹೊರಗೋ ಒಳಗೋ ತೆರೆಯುತ್ತದೆ. ಇಡೀ ಕಿಂಡಿ ತೆರೆದುಕೊಳ್ಳುವುದರಿಂದ ಗಾಳಿ ಚೆನ್ನಾಗಿ ಆಡುತ್ತದೆ. ಮುಚ್ಚಿದಾಗ ಕದ ಚೌಕಟ್ಟಿಗೆ ಒತ್ತಿ ಕೂರುತ್ತದೆ, ಹಾಗಾಗಿ ಮಳೆನೀರು, ಧೂಳು ನುಸುಳುವುದು ಕಡಿಮೆ. ನನ್ನ ಆಯ್ಕೆ ಇದೇ.

ಸ್ಲೈಡಿಂಗ್‌ನಲ್ಲಿ ಕದಗಳು ಹಳಿಯ ಮೇಲೆ ಅಕ್ಕಪಕ್ಕ ಸರಿಯುತ್ತವೆ. ಓಡಾಡುವ ಜಾಗಕ್ಕೆ ಅಡ್ಡ ಬರುವುದಿಲ್ಲ, ಆದರೆ ಎರಡು ಕದದ ಕಿಟಕಿಯಾದರೆ ಒಮ್ಮೆಗೆ ಅರ್ಧ ಮಾತ್ರ ತೆರೆಯಬಹುದು. ಹಳಿಯಲ್ಲಿ ಕಸ ಕಟ್ಟಿಕೊಂಡರೆ ಸರಾಗವಾಗಿ ಸರಿಯದು; ಆಗಾಗ ಗುಡಿಸಿ.

ಆನಿಂಗ್‌ಗೆ ಕೀಲು ಮೇಲ್ಗಡೆ. ಕೆಳತುದಿ ಹೊರಕ್ಕೆ ಚಾಚುವುದರಿಂದ ಜಿನುಗು ಮಳೆಯಲ್ಲೂ ತೆರೆದಿಡಬಹುದು, ಬಚ್ಚಲುಮನೆಗೆ ಒಳ್ಳೆಯದು. ಲೂವರ್‌ನಲ್ಲಿ ಗಾಜಿನ ಪಟ್ಟಿಗಳು ಓರೆಯಾಗುತ್ತವೆ. ಡಬಲ್ ಹಂಗ್‌ನ ಎರಡೂ ಕದಗಳು ಮೇಲೆ ಕೆಳಗೆ ಜಾರುತ್ತವೆ. ಫಿಕ್ಸೆಡ್ ಕಿಟಕಿ ತೆರೆಯುವುದೇ ಇಲ್ಲ, ಬೆಳಕಿಗಷ್ಟೇ.