ಡಾಸ್ 6.22: ಪಾರ್ಟಿಷನ್ ಆ್ಯಕ್ಟಿವ್ ಐತೇನು ನೋಡ್ರಿ
ನಮಸ್ಕಾರ್ರೀ. ಹಳೇ ಪಿಸಿ ನಕಲು ಮಾಡೂ 86ಬಾಕ್ಸ್ ಸಾಫ್ಟ್‌ವೇರ್‌ನ್ಯಾಗ 4 ಜಿಬಿ ಡಿಸ್ಕ್ ಮಾಡಿ ಹಳೇ ಆಪರೇಟಿಂಗ್ ಸಿಸ್ಟಮ್ ಡಾಸ್ 6.22 ಹಾಕೇನಿ, ಫ್ಲಾಪಿ ತಗದ್ರ ಬೂಟ್ ಆಗವಲ್ದು ಅಂದೀರಿ. ಡಾಸ್‌ಗೆ ಒಂದು ಪಾರ್ಟಿಷನ್ (ಡಿಸ್ಕಿನ ಭಾಗ) 2 ಜಿಬಿ ಮೀರಂಗಿಲ್ಲ. ಆ ಸೈಜ್ ನೀವ ಟೈಪ್ ಮಾಡಿ ಕೊಟ್ರ ಎಫ್‌ಡಿಸ್ಕ್ (ಪಾರ್ಟಿಷನ್ ಮಾಡೂ ಡಾಸ್ ಪ್ರೋಗ್ರಾಂ) ಅದನ್ನ ತಾನಾಗೇ ಆ್ಯಕ್ಟಿವ್ ಮಾಡೂದಿಲ್ಲ, ಅಂದ್ರ ಇದರಿಂದ ಬೂಟ್ ಆಗಬೇಕಂತ ಗುರ್ತು ಹಾಕೂದಿಲ್ಲ. ನಿಮ್ಮ ತ್ರಾಸು ಇಲ್ಲೇ ಇರಬೇಕು.

ಮೊದಲ್ನೇ ಫ್ಲಾಪಿಯಿಂದ ಬೂಟ್ ಮಾಡ್ರಿ, ಸೆಟಪ್ ಬಂದ್ರ ಎಫ್3 ಎರಡು ಸಲ ಒತ್ತಿ ಹೊರಗ ಬರ್ರಿ. ಎಫ್‌ಡಿಸ್ಕ್‌ನ್ಯಾಗ 2ನೇ ಆಯ್ಕೆ ತಗೊಂಡು ಪಾರ್ಟಿಷನ್ 1 ಆ್ಯಕ್ಟಿವ್ ಮಾಡ್ರಿ. ಹಾಕಿದ ಫೈಲ್ ಹಂಗ ಉಳೀತಾವ, ಮತ್ತ ಫಾರ್ಮ್ಯಾಟ್ ಮಾಡಾಕ ಹೋಗಬ್ಯಾಡ್ರಿ. ಫ್ಲಾಪಿ ಇಮೇಜ್ (ಫ್ಲಾಪಿಯ ಪೂರ್ತಿ ನಕಲು ಇರೂ ಫೈಲ್) ತಗದು ರೀಬೂಟ್ ಮಾಡ್ರಿ.

ಗದಗಿನ ಅಂಗಡೀದು ಅಪ್ಪಾರ ಖಾತೆ ಫ್ಲಾಪಿ ಅದಾವ ಅಂದೀರಲ್ಲ, ಅವಕ್ಕ ಬೂಷ್ಟು ಹಿಡದಿದ್ರ ಡ್ರೈವಿಗೆ ಹಾಕಬ್ಯಾಡ್ರಿ. ಚೊಲೊ ಇದ್ದವನ್ನ ಮೊದಲು ಇಮೇಜ್ ಮಾಡಿ ಎರಡು ಕಡೆ ಇಡ್ರಿ. ಹುಬ್ಬಳ್ಳಿಗೆ ಬಂದ್ರ ನನ್ನ ಹತ್ರ ಯುಎಸ್‌ಬಿ ಫ್ಲಾಪಿ ಡ್ರೈವ್ ಐತಿ, ಕೂಡೇ ಮಾಡೂಣು.