ಪ್ರಾಜೆಕ್ಟ್‌ಗೆ ಅಂಕ ಕೊಡುವುದು ಹೇಗೆ?

ಮಕ್ಕಳು ಇಂಟರ್ನೆಟ್‌ನಿಂದ ಇಳಿಸಿಕೊಂಡ ಪ್ರಾಜೆಕ್ಟ್ ತರುತ್ತಾರೆ, ಅಂಕ ಹೇಗೆ ಕೊಡಲಿ ಅಂತ ಕೇಳಿದ್ದೀರಿ. ತೊಂದರೆ ಶುರುವಾಗುವುದೇ ವಿಷಯ ಕೊಡುವಲ್ಲಿ. ‘ನೀರಿನ ಉಳಿತಾಯ’ ಅಂದರೆ ಸಿದ್ಧ ಉತ್ತರ ಬೇಕಾದಷ್ಟು ಸಿಗುತ್ತದೆ. ‘ನಮ್ಮ ಶಾಲೆಯ ನಲ್ಲಿಗಳಿಂದ ದಿನಕ್ಕೆ ಎಷ್ಟು ನೀರು ಸುಮ್ನೆ ಸೋರುತ್ತದೆ?’ ಅಂದರೆ ಬಕೆಟ್ ಇಟ್ಟು ಅಳೆಯಲೇಬೇಕು, ಅಲ್ವಾ? ಇಂಥ ಪ್ರಶ್ನೆಯನ್ನು ಮಕ್ಕಳೇ ಹುಡುಕಲಿ, ನೀವು ತಿದ್ದಿಸಿ. ಅದಕ್ಕೂ ಅಂಕವಿರಲಿ.

ಕೊನೆಯ ವರದಿಗಿಂತ ನಡುವಿನ ಕೆಲಸಕ್ಕೆ ಜಾಸ್ತಿ ಅಂಕ ಇಡಿ. ಏನು ಓದಿದರು, ಯಾವುದನ್ನು ನಂಬಲಿಲ್ಲ, ಯಾಕೆ ಅಂತ ವಾರಕ್ಕೊಮ್ಮೆ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯಲಿ. ಅಂಕ ಹಂಚಿಕೆ ಮೊದಲೇ ಹೇಳಿಬಿಡಿ. (ಚಂದದ ಬೈಂಡಿಂಗ್‌ಗೆ ಸೊನ್ನೆ!) ಕೊನೆಗೆ ಒಬ್ಬೊಬ್ಬರನ್ನೇ 2 ನಿಮಿಷ ಕೂರಿಸಿ, ‘ಈ ಲೆಕ್ಕ ಎಲ್ಲಿಂದ ಬಂತು?’ ಅಂತ ಕೇಳಿ. ನಕಲು ಮಾಡಿದವರು ಸಾಮಾನ್ಯವಾಗಿ ಅಲ್ಲೇ ತಡವರಿಸುತ್ತಾರೆ.