ಹುಲಿ ಬೇಕು, ಕಪ್ ಬೇಕು, ಗೋಪುರವೂ ಬೇಕು!

ಪ್ರಶ್ನೆ: ನಮ್ಮೂರ ಕಬಡ್ಡಿ ತಂಡಕ್ಕೆ ಲೋಗೋ ಮಾಡುತ್ತಿದ್ದೇನೆ. ಹುಲಿ, ಕಪ್, ದೇವಸ್ಥಾನದ ಗೋಪುರ ಎಲ್ಲವೂ ಇರಲಿ ಅಂತಾರೆ. ಏನು ಮಾಡಲಿ?
– ಓದುಗ, ಮಂಡ್ಯ

ಉತ್ತರ: ಜಗಳ ಆಡಬೇಡಿ. ಎಲ್ಲವನ್ನೂ ಹಾಕಿ ಒಂದು ಲೋಗೋ ಮಾಡಿ, ಅದನ್ನು ವಾಟ್ಸಾಪ್ ಡಿಪಿಗೆ ಇಟ್ಟು ಅವರ ಮೊಬೈಲಿನಲ್ಲೇ ತೋರಿಸಿ. ಗೋಪುರ ಕಾಣಲ್ಲ, ಹುಲಿ ಬೆಕ್ಕಿನ ಹಾಗಿರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಇಟಲಿಯ ಯುವೆಂಟಸ್ ಫುಟ್‌ಬಾಲ್ ಕ್ಲಬ್ 2017ರಲ್ಲಿ ಹಳೇ ಲಾಂಛನ ಬಿಟ್ಟು ಬರೀ ‘ಜೆ’ ಅಕ್ಷರಕ್ಕೆ ಬಂತು. ಅಭಿಮಾನಿಗಳು ಬೈದರು, ಆದರೆ ದೂರದಿಂದಲೂ ಗುರುತು ಸಿಗುತ್ತದೆ. ಜರ್ಸಿಗೆ ಎಂಬ್ರಾಯ್ಡರಿ ಮಾಡಿಸುವುದಾದರೆ ಸಣ್ಣ ಗೆರೆಗಳು ದಾರದಲ್ಲಿ ಮುಚ್ಚಿಹೋಗುತ್ತವೆ, ಮೊದಲು ಹೋಗೋದು ಹುಲಿಯ ಮೀಸೆಯೇ. ಬೆನ್ನಿನ ನಂಬರ್ ಮಾತ್ರ ದೊಡ್ಡದಿರಲಿ, ಮೈಕ್ ಹಿಡಿದವರು ಅದನ್ನೇ ನೋಡಿ ಕೂಗೋದು ಅಲ್ವಾ? ಹಾಂ, ಸ್ನೇಹಿತರೇ ಆದರೂ ಅಡ್ವಾನ್ಸ್ ಮೊದಲೇ ತಗೊಳ್ಳಿ.